ಕೋಳಿಯ ಲೆಕ್ಕ ಮೊಲಕ್ಕೆ ನಡೆಯದು

ಪ್ರಶ್ನೆ: ಇಲ್ಲಿ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಕೋಳಿಯಂತೆಯೇ ಮೊಲವನ್ನೂ ಮಜ್ಜಿಗೆಯಲ್ಲಿ ನೆನೆಸಿ, ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಎರಡು ಸಲ ಮಾಡಿದೆ. ಒಮ್ಮೆ ತೊಡೆ ರಬ್ಬರಿನಂತಾಯಿತು, ಇನ್ನೊಮ್ಮೆ ಸೊಂಟದ ತುಂಡು ಒಣಗಿ ನಾರುನಾರಾಯಿತು. ತಪ್ಪಿದ್ದೆಲ್ಲಿ?
– ಓದುಗರು, ಅಟ್ಲಾಂಟಾ

ಉತ್ತರ: ರಬ್ಬರಾಗಿದ್ದರೆ ಮೊಲ ಬಲಿತಿತ್ತು. ನಾರಾಗಿದ್ದರೆ ಎಲ್ಲ ತುಂಡನ್ನೂ ಒಂದೇ ಹೊತ್ತು ಎಣ್ಣೆಯಲ್ಲಿ ಬಿಟ್ಟಿದ್ದೀರಿ. ಕೋಳಿಗೆ ಚರ್ಮವಿದೆ, ಅದರಡಿ ಕೊಬ್ಬಿದೆ. ಸ್ವಲ್ಪ ಹೆಚ್ಚು ಬೆಂದರೂ ಕಾಪಾಡುತ್ತದೆ. ಮೊಲಕ್ಕೆ ಎರಡೂ ಇಲ್ಲ.

ಅಂಗಡಿಯಲ್ಲಿ ‘ಫ್ರೈಯರ್’ ಎಂದು ಕೇಳಿ ಕೊಳ್ಳಿ. ಅದು 12 ವಾರದೊಳಗಿನ ಎಳೆ ಮೊಲ. ಶುಚಿ ಮಾಡಿದ ಮೇಲೆ ಒಂದೂವರೆ ಕಿಲೋ ದಾಟುವುದು ಅಪರೂಪ, ಮಾಂಸ ತಿಳಿ ಗುಲಾಬಿ. ‘ರೋಸ್ಟರ್’ ಎಂದು ಬರೆದಿದ್ದರೆ ಎಂಟು ತಿಂಗಳು ದಾಟಿದ್ದು, ಬಣ್ಣವೂ ಗಾಢ. ಅದು ಸಾರಿಗೆ ಚೆನ್ನ, ಕರಿಯಲು ಅಲ್ಲ. ಕರಿಯಲೇಬೇಕೆಂದರೆ ಉಪ್ಪು, ಈರುಳ್ಳಿ ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಯಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಆಮೇಲೆ ಹಿಟ್ಟು ಹಚ್ಚಿ ಬಣ್ಣ ಬರುವಷ್ಟು ಮಾತ್ರ ಕರಿಯಿರಿ. ಕುಕ್ಕರ್ ಬೇಡ, ಮಾಂಸ ಮೂಳೆ ಬಿಟ್ಟು ಜಾರಿಬಿಡುತ್ತದೆ.

ಕತ್ತರಿಸುವುದು ಸುಲಭ. ಮುಂಗಾಲು ಮೈಗೆ ಮೂಳೆಯಿಂದ ಅಂಟಿಕೊಂಡಿರುವುದಿಲ್ಲ. ಹೆಗಲ ಮೂಳೆಯಡಿ ಚಾಕು ಹಾಯಿಸಿದರೆ ಹಾಗೇ ಬಿಡಿಸಿಕೊಳ್ಳುತ್ತದೆ. ಹಿಂಗಾಲನ್ನು ಹಿಂದಕ್ಕೆ ಬಗ್ಗಿಸಿ, ಕೀಲು ಲಟಕ್ಕೆಂದ ಜಾಗದಲ್ಲಿ ಕೊಯ್ಯಿರಿ. ಸೊಂಟ ಎರಡು ಮೂರು ತುಂಡಾಗಲಿ. ಪಕ್ಕೆಲುಬಿನಲ್ಲಿ ಮಾಂಸವೇ ಇಲ್ಲ, ಸಾರಿಗೆ ಎತ್ತಿಡಿ. ಬೆನ್ನ ಮೇಲಿನ ಬೆಳ್ಳಿ ಬಣ್ಣದ ತೆಳು ಪೊರೆಯನ್ನು ಮರೆಯದೆ ಸುಲಿಯಿರಿ: ಬಿಸಿಗೆ ಅದು ಮುದುರಿದಾಗ ತುಂಡು ಸೊಟ್ಟಗಾಗುತ್ತದೆ, ಮೇಲಿನ ಹಿಟ್ಟೂ ಬಿರಿಯುತ್ತದೆ.

ನೆನೆಸುವ ‘ಬಟರ್‌ಮಿಲ್ಕ್’ ನಮ್ಮ ನೀರು ಮಜ್ಜಿಗೆಯಲ್ಲ. ಅದು ಗಟ್ಟಿ, ಮಾಂಸಕ್ಕೆ ಹತ್ತಿ ನಿಲ್ಲುತ್ತದೆ. ಸಿಗದಿದ್ದರೆ ಒಂದೂವರೆ ಕಪ್ ಮೊಸರಿಗೆ ಅರ್ಧ ಕಪ್ ಹಾಲು ಹಾಕಿ ಕಡೆಯಿರಿ. ಒಂದು ಮೊಲಕ್ಕೆ ಇಷ್ಟು ಸಾಕು. ಎರಡು ಟೀ ಚಮಚ ಉಪ್ಪು ಸೇರಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಮಾಂಸದೊಳಗೆ ನೀರು ಉಳಿಸುವುದು ಈ ಉಪ್ಪೇ, ಹಾಗಾಗಿ ಇದನ್ನು ಹಿಟ್ಟಿಗಷ್ಟೇ ಹಾಕಿ ಕೈತೊಳೆದುಕೊಳ್ಳಬೇಡಿ.

ಹಿಟ್ಟಿಗೆ ಒಂದೂವರೆ ಕಪ್ ಮೈದಾ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ (ನಿಮ್ಮಲ್ಲಿ ‘ಕಾರ್ನ್‌ಸ್ಟಾರ್ಚ್’), ಒಂದು ಟೀ ಚಮಚ ಉಪ್ಪು, ಅಷ್ಟೇ ಕಾಳುಮೆಣಸಿನ ಪುಡಿ, ಅಷ್ಟೇ ಪ್ಯಾಪ್ರಿಕಾ. ಪ್ಯಾಪ್ರಿಕಾ ಬದಲು ಬ್ಯಾಡಗಿ ಮೆಣಸಿನ ಪುಡಿ ಧಾರಾಳವಾಗಿ ನಡೆಯುತ್ತದೆ. ಬಣ್ಣ ಜಾಸ್ತಿ, ಖಾರ ಕಮ್ಮಿ.

ಬೀಡು ಕಬ್ಬಿಣದ ದಪ್ಪ ಬಾಣಲೆಯಲ್ಲಿ ತುಂಡಿನ ಅರ್ಧದಷ್ಟು ಎತ್ತರಕ್ಕೆ ಕಡಲೆಕಾಯಿ ಎಣ್ಣೆ. 165 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ತುಂಡು ಬಿದ್ದ ಮೇಲೆ 150ರಿಂದ 160ರ ನಡುವೆ ನಿಲ್ಲಿಸಿ. ಒಂದೇ ಸಮ ಚುರುಗುಟ್ಟಬೇಕು, ಭೋರ್ಗರೆಯಬಾರದು. ಮೊದಲು ಹಿಂಗಾಲು, ಐದು ನಿಮಿಷ ಬಿಟ್ಟು ಮುಂಗಾಲು, ಕೊನೆಗೆ ಸೊಂಟ. ನಡುವೆ ಒಮ್ಮೆ ತಿರುವಿ, ಹಿಂಗಾಲಿಗೆ ಸುಮಾರು 20 ನಿಮಿಷ, ಮುಂಗಾಲಿಗೆ 15, ಸೊಂಟಕ್ಕೆ 10–12. ಥರ್ಮಾಮೀಟರ್ ಇದ್ದರೆ ಮೂಳೆಗೆ ತಾಗದಂತೆ ಚುಚ್ಚಿ ನೋಡಿ. ಒಳಗೆ 71 ಡಿಗ್ರಿ ಬಂದರೆ ಆಯಿತು.

ಪ್ರಶ್ನೆ: ಕರಿಯುವಾಗ ಹಿಟ್ಟೆಲ್ಲ ಕಳಚಿ ಎಣ್ಣೆಗೆ ಬೀಳುತ್ತದೆ. ಮೊಟ್ಟೆ ಹಾಕಬೇಕೆ?

ಉತ್ತರ: ಬೇಡ. ತುಂಡಿನಿಂದ ಮಜ್ಜಿಗೆ ತೊಟ್ಟಿಕ್ಕುವುದು ನಿಂತ ಮೇಲೆ ಹಿಟ್ಟಿನಲ್ಲಿ ಒತ್ತಿ ಹೊರಳಿಸಿ, ಜಾಲರಿಯ ಮೇಲೆ 20 ನಿಮಿಷ ಬಿಡಿ. ಬಿಳಿ ಪುಡಿ ಒದ್ದೆಯಾಗಿ ಮಂಕು ಬಣ್ಣಕ್ಕೆ ತಿರುಗುತ್ತದಲ್ಲ, ಆಗ ಹಿಟ್ಟು ಮಾಂಸಕ್ಕೆ ಹಿಡಿದಿದೆ ಎಂದರ್ಥ. ಎಣ್ಣೆಗೆ ಬಿಟ್ಟ ಮೇಲೆ ಐದಾರು ನಿಮಿಷ ಕೈ ಹಾಕಬೇಡಿ. ಬಾಣಲೆ ತುಂಬಿದರೆ ಎಣ್ಣೆ ತಣಿದು ಆವಿಯೇಳುತ್ತದೆ, ಆಗಲೂ ಕಳಚುತ್ತದೆ. ಎತ್ತಿದ್ದನ್ನು ಪೇಪರ್ ಮೇಲೆ ಹರವದೆ ಜಾಲರಿಯ ಮೇಲೇ ಇಡಿ, ಅಡಿ ಮೆತ್ತಗಾಗುವುದಿಲ್ಲ.

ಪ್ರಶ್ನೆ: ಗೆಳೆಯರೊಬ್ಬರು ಬೇಟೆಯಾಡಿದ ಕಾಟನ್‌ಟೇಲ್ ಮೊಲ ಕೊಡುತ್ತೇನೆನ್ನುತ್ತಾರೆ. ತೆಗೆದುಕೊಳ್ಳಬಹುದೆ? ಊರಿಗೆ ಬಂದಾಗ ಕಾಡುಮೊಲದಲ್ಲೂ ಮಾಡಬಹುದೆ?

ಉತ್ತರ: ಅಮೆರಿಕದ ಕಾಡುಮೊಲಗಳಲ್ಲಿ ಟುಲರೀಮಿಯಾ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು, ಕೈಯ ಸಣ್ಣ ಗಾಯದಿಂದಲೂ ಅಂಟುತ್ತದೆ. ಗ್ಲೌಸ್ ಹಾಕಿಯೇ ಮುಟ್ಟಿ, ಪೂರ್ತಿ ಬೇಯಿಸಿ. ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆಂಬುದು ತಪ್ಪು. ನಮ್ಮಲ್ಲಿ ಕಾಡುಮೊಲ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಊರಲ್ಲಿ ಮಾಡುವುದಾದರೆ ಸಾಕಿದ ನ್ಯೂಜಿಲೆಂಡ್ ವೈಟ್ ತಳಿಯ ಎಳೆ ಮೊಲ ಕೇಳಿ.

ಪ್ರಶ್ನೆ: ಜೊತೆಗೆ ಕೊಡುವ ಬಿಳಿ ಗ್ರೇವಿ ಗಂಟಾಗುತ್ತದೆ.

ಉತ್ತರ: ಹಾಲನ್ನು ಒಟ್ಟಿಗೆ ಸುರಿಯುತ್ತಿದ್ದೀರಿ. ಕರಿದ ಎಣ್ಣೆಯಲ್ಲಿ ಮೂರು ದೊಡ್ಡ ಚಮಚ ಉಳಿಸಿ (ತಳದ ಕಂದು ಚೂರುಗಳೂ ಇರಲಿ, ರುಚಿ ಅಲ್ಲೇ ಇದೆ, ಕಪ್ಪಗಾಗಿದ್ದರೆ ಮಾತ್ರ ಸೋಸಿ), ಮೂರು ಚಮಚ ಮೈದಾ ಹಾಕಿ ಎರಡು ನಿಮಿಷ ಹುರಿಯಿರಿ. ಎರಡು ಕಪ್ ಹಾಲನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಕೈಬಿಡದೆ ತಿರುವಿ. ಕಾಳುಮೆಣಸು ಕೈ ತುಂಬ ಬೀಳಲಿ. ಆರಿದಷ್ಟೂ ಗಟ್ಟಿಯಾಗುತ್ತದೆ, ಸ್ವಲ್ಪ ತೆಳುವಿದ್ದಾಗಲೇ ಇಳಿಸಿ.