ಜಾಮೀನಿಗೆ ದುಡ್ಡು ಬೇಕೇ ಬೇಕಾ? ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರಾ?

ನೋಡಿದ್ದಾರೆ. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ಮ್ಯಾನ್‌ಹ್ಯಾಟನ್ ಬೇಲ್ ಪ್ರಾಜೆಕ್ಟ್ ಅಂತ ಒಂದು ಪ್ರಯೋಗ ಶುರುವಾಯಿತು. ಕಾನೂನು ವಿದ್ಯಾರ್ಥಿಗಳು ಆರೋಪಿಗಳನ್ನು ಮಾತಾಡಿಸಿದರು. ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಮನೆಯಲ್ಲಿ ಯಾರಿದ್ದಾರೆ? ಕೆಲಸ ಏನು? ಹಳೇ ಕೇಸು ಇದೆಯಾ? ಉತ್ತರಗಳನ್ನು ತಾಳೆ ನೋಡಿ, ನಂಬಬಹುದಾದವರನ್ನು ದುಡ್ಡು ಕಟ್ಟಿಸದೆ ಬಿಡಿ ಅಂತ ಜಡ್ಜ್‌ಗೆ ಶಿಫಾರಸು ಮಾಡಿದರು. ಅಷ್ಟೇ ಅರ್ಹತೆಯಿದ್ದ ಇನ್ನೊಂದು ಗುಂಪಿಗೆ ಬೇಕೆಂದೇ ಶಿಫಾರಸು ಮಾಡಲಿಲ್ಲ, ಹೋಲಿಸಿ ನೋಡಬೇಕಲ್ಲ. (ಪಾಪ, ಆ ಗುಂಪಿಗೆ ಬಿದ್ದವರು!) ಮೊದಲ ಮೂರು ವರ್ಷಗಳಲ್ಲಿ ಹೀಗೆ ಹೊರಬಂದವರಲ್ಲಿ ನೂರಕ್ಕೆ 98 ಮಂದಿ ಕೋರ್ಟಿಗೆ ತಪ್ಪದೆ ಬಂದರು. 1966ರಲ್ಲಿ ಅಮೆರಿಕದ ಫೆಡರಲ್ ಜಾಮೀನು ಕಾನೂನೇ ಬದಲಾಯಿತು.

ಬಿಹಾರದ ವಿಚಾರಣಾಧೀನ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣದಲ್ಲಿ (1979) ನ್ಯಾಯಮೂರ್ತಿ ಪಿ.ಎನ್. ಭಗವತಿ ಇದೇ ಪ್ರಯೋಗವನ್ನು ನೆನೆದರು. ನಮ್ಮಲ್ಲಿ ಬದಲಾವಣೆ ಮಾತ್ರ ನಿಧಾನ. 2022ರಲ್ಲೂ ಭಾರತದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ. ಜಾಮೀನು ಸಿಕ್ಕರೂ, ಪಹಣಿ ಹಿಡಿದು ಶ್ಯೂರಿಟಿಗೆ ನಿಲ್ಲುವವರು ಎಲ್ಲರಿಗೂ ಇರುತ್ತಾರಾ? ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ.