ಕೇಬಲ್ ಮೋಡೆಮ್‌ಗಳಲ್ಲಿ ಡಾಕ್ಸಿಸ್ ಮಾನದಂಡವೇ ಗೆದ್ದಿದ್ದು ಹೇಗೆ?

ಟಿವಿ ಕೇಬಲ್ ಮೂಲಕ ಇಂಟರ್ನೆಟ್ ಕೊಡುವ ಮೋಡೆಮ್ ಯಾರದ್ದಾದರೂ ಒಂದೇ ರೀತಿ ಕೆಲಸ ಮಾಡಲಿ ಅಂತ ಮಾಡಿದ ಮಾನದಂಡ ಡಾಕ್ಸಿಸ್. ಅದು ಗೆದ್ದಿದ್ದಕ್ಕೆ ಕಾರಣ, ಕೇಬಲ್ ಕಂಪನಿಗಳು ಯಾರಿಗೂ ಕಾಯಲಿಲ್ಲ, ಅಷ್ಟೇ. 1990ರ ದಶಕದ ನಡುವೆ ಅಮೆರಿಕದಲ್ಲಿ ಲ್ಯಾನ್‌ಸಿಟಿ, ಮೊಟೊರೋಲಾ, ಜೆನಿತ್ ಎಲ್ಲರದ್ದೂ ಬೇರೆ ಬೇರೆ ಮೋಡೆಮ್. ಒಬ್ಬರ ಮೋಡೆಮ್ ಇನ್ನೊಬ್ಬರ ಉಪಕರಣದ ಜೊತೆ ಮಾತಾಡುತ್ತಿರಲಿಲ್ಲ, ಹಾಗಾಗಿ ಮನೆ ಬದಲಾಯಿಸಿ ಬೇರೆ ಕೇಬಲ್ ಕಂಪನಿಯ ಊರಿಗೆ ಹೋದರೆ ಹಳೆಯದು ಮೂಲೆಗೆ ಬೀಳುವ ಸಾಧ್ಯತೆಯೇ ಜಾಸ್ತಿ. ತಾಂತ್ರಿಕ ಮಾನದಂಡ ರೂಪಿಸುವ ಐಇಇಇ ಸಂಸ್ಥೆಯ 802.14 ಸಮಿತಿ ಇಂಥದ್ದೇ ಮಾನದಂಡಕ್ಕಾಗಿ ಎಟಿಎಂ ಎಂಬ ಡೇಟಾ ಸಾಗಿಸುವ ತಂತ್ರಜ್ಞಾನ ಹಿಡಿದುಕೊಂಡು ಚರ್ಚೆ ಮಾಡುತ್ತಲೇ ಇತ್ತು. ಅಷ್ಟರಲ್ಲಿ ಕಾಮ್‌ಕಾಸ್ಟ್, ಕಾಕ್ಸ್, ಟಿಸಿಐ, ಟೈಮ್ ವಾರ್ನರ್ ಎಂಬ ಕೇಬಲ್ ಕಂಪನಿಗಳು ಕೈಜೋಡಿಸಿ 1997ರಲ್ಲಿ ಡಾಕ್ಸಿಸ್ 1.0 ತಂದೇಬಿಟ್ಟವು. ದುಡ್ಡು ಹಾಕಿ ಮೋಡೆಮ್ ಕೊಳ್ಳುವವರೇ ಅವರು, ತಯಾರಕರು ಒಪ್ಪದೆ ಇರುತ್ತಾರಾ?

ಒಂದು ಟಿವಿ ಚಾನೆಲ್‌ನ 6 ಮೆಗಾಹರ್ಟ್ಸ್ ಜಾಗದಲ್ಲೇ ಸೆಕೆಂಡಿಗೆ ಸುಮಾರು 27ರಿಂದ 38 ಮೆಗಾಬಿಟ್ ಇಳಿಸಬಹುದಿತ್ತು. ಸೆಕೆಂಡಿಗೆ 56 ಕಿಲೋಬಿಟ್‌ನ ಡಯಲ್‌ಅಪ್‌ನಲ್ಲಿ ಒದ್ದಾಡುತ್ತಿದ್ದವರಿಗೆ ಇದು ಎಷ್ಟು ದೊಡ್ಡದು ನೋಡಿ! ಆದರೆ ಅದನ್ನು ಅಕ್ಕಪಕ್ಕದ ಮನೆಯವರೆಲ್ಲ ಹಂಚಿಕೊಳ್ಳಬೇಕು. ಫೋನ್ ತಂತಿಯಲ್ಲೇ ಇಂಟರ್ನೆಟ್ ಕೊಡುವ ಡಿಎಸ್ಎಲ್ ಮಾರುತ್ತಿದ್ದ ಫೋನ್ ಕಂಪನಿಗಳು ಇದನ್ನೇ ಎತ್ತಿ ಆಡಿಕೊಳ್ಳುತ್ತಿದ್ದವು. ಎಕ್ಸ್‌ಚೇಂಜ್‌ನಿಂದ ದೂರ ಹೋದಂತೆಲ್ಲ ತಮ್ಮ ವೇಗವೂ ಕುಸಿಯುತ್ತೆ ಅನ್ನೋದನ್ನ ಮಾತ್ರ ಅಷ್ಟು ಜೋರಾಗಿ ಹೇಳಲಿಲ್ಲ, ಬಿಡಿ.

1999ರಲ್ಲಿ ಕೇಬಲ್ ಕಂಪನಿಗಳದ್ದೇ ಸಂಶೋಧನಾ ಸಂಸ್ಥೆಯಾದ ಕೇಬಲ್‌ಲ್ಯಾಬ್ಸ್ ಪ್ರಮಾಣಪತ್ರ ಪಡೆದ ಮೊದಲ ಮೋಡೆಮ್‌ಗಳು ಬಂದವು. ಆಮೇಲೆ ಅಂಗಡಿಯಲ್ಲೇ ಕೊಂಡು ತಂದು ಜೋಡಿಸೋದು ಸಾಧ್ಯವಾಯಿತು.