ಮೂಲೆ ಸೇರಿದ ಬೇಸ್ ಗಿಟಾರ್ ಮತ್ತು ಅಮ್ಮನ ಪ್ರಶ್ನೆ

ಗುರುವಿಲ್ಲದೆ ಏನನ್ನಾದರೂ ಕಲಿಯಲು ಹೊರಟು, ಕೆಲವೇ ತಿಂಗಳಲ್ಲಿ ಕೈಚೆಲ್ಲಿ, ತಮಗೆ ಛಲವೇ ಇಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುವ ಯುವಜನರು ಮೈಸೂರಿನ ನನ್ನ ಆಪ್ತಸಲಹಾ ಕೊಠಡಿಗೆ ಮತ್ತೆ ಮತ್ತೆ ಬರುತ್ತಿರುತ್ತಾರೆ. ಅಂಥ ಒಬ್ಬನ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮಂಡ್ಯ ಕಡೆಯ ಹಳ್ಳಿಯಿಂದ ಬಂದು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ ಮಾಡುತ್ತ, ತಾಯಿಯೊಂದಿಗೆ ಬಾಡಿಗೆ ಮನೆಯಲ್ಲಿರುವ ಯುವಕ. ತಗ್ಗಿನ ಸ್ವರಗಳನ್ನು ನುಡಿಸುವ ನಾಲ್ಕು ತಂತಿಯ ಹಳೆಯ ಬೇಸ್ ಗಿಟಾರ್ ಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿಬಿಟ್ಟಿದ್ದ. ನಿದ್ರೆ, ಊಟ, ಗೆಳೆಯರ ಒಡನಾಟ ಎಲ್ಲವನ್ನೂ ಮೊದಲು ವಿಚಾರಿಸಿದೆ. ಎಲ್ಲದರಲ್ಲೂ ಆಸಕ್ತಿ ಬತ್ತಿದ್ದರೆ ಅದು ಖಿನ್ನತೆಯ ಸೂಚನೆಯಾಗಿರಬಹುದಾದ್ದರಿಂದ ಮನೋವೈದ್ಯರ ಬಳಿಗೆ ಕಳಿಸಬೇಕಾಗುತ್ತಿತ್ತು. ಹಾಗೇನೂ ಇರಲಿಲ್ಲ.

ಎರಡನೆಯ ಭೇಟಿಯಲ್ಲಿ ಅವನು ತಲೆತಗ್ಗಿಸಿ ಹೇಳಿದ: "ಒಂದು ಗಂಟೆ ನುಡಿಸಿ ಎದ್ದೆ ಸಾರ್. ಅಮ್ಮ, 'ಹಾಡು ಯಾವಾಗ ಶುರು ಮಾಡ್ತೀಯಪ್ಪಾ' ಅಂದ್ರು. ಆಮೇಲೆ ಮುಟ್ಟೋಕೆ ಮನಸ್ಸೇ ಬರ್ಲಿಲ್ಲ."

ಆ ತಾಯಿಯ ಮಾತಿನಲ್ಲಿ ಕುಹಕವಿರಲಿಲ್ಲ. ಆ ವಾದ್ಯದ ಸ್ವಭಾವವನ್ನೇ ಅವರು ಹೇಳಿಬಿಟ್ಟಿದ್ದರು. ಡ್ರಮ್ಸಿನ ಲಯಕ್ಕೂ ಹಾಡಿನ ಸ್ವರಕ್ಕೂ ನಡುವೆ ನಿಂತು ಎರಡನ್ನೂ ಬಿಗಿಯುವ ವಾದ್ಯ ಒಂಟಿಯಾಗಿ ಕೇಳಿದಾಗ, ನುಡಿಸುವವನು ತಪ್ಪಿಲ್ಲದೆ ನುಡಿಸಿದ್ದರೂ, ಹಾಡೆನಿಸುವುದು ಕಡಿಮೆ. ಸಾಲದೆಂಬಂತೆ, ಅದರ ಅತಿ ತಗ್ಗಿನ ಸ್ವರದ ತಂತಿಯ ನಾದ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟೇ ಕಂಪನ. ಮೊಬೈಲಿನ ಪುಟ್ಟ ಸ್ಪೀಕರು ಅದನ್ನು ಹೊರಡಿಸಲಾರದು. ತಾನು ಅನುಕರಿಸುತ್ತಿದ್ದ ಭಾಗವೇ ಅವನ ಕಿವಿಗೆ ಸರಿಯಾಗಿ ಬೀಳುತ್ತಿರಲಿಲ್ಲ.

ಈ ವಾದ್ಯವನ್ನು ಮೊದಲು ಗಮನಿಸಿದ್ದು ಎಲ್ಲಿ ಎಂದು ಕೇಳಿದೆ. ಊರಿನ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ, ಹಾಡಿನ ಮಧ್ಯೆ ಬೇಸ್ ಗಿಟಾರಿನ ವೈರು ಕಳಚಿಕೊಂಡಿತಂತೆ. ಗಾಯಕ, ಕೀಬೋರ್ಡು, ಡ್ರಮ್ಸು ಎಲ್ಲವೂ ನಡೆದೇ ಇದ್ದವು, ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಮುಂದೆ ಕುಣಿಯುತ್ತಿದ್ದ ಹುಡುಗರ ಕಾಲು ನಿಧಾನವಾಯಿತು. "ವೈರು ಸಿಕ್ಕಿಸಿದಾಗ ಎದೆಗೇ ಬಡಿದಂಗಾಯ್ತು ಸಾರ್" ಎನ್ನುವಾಗ ಅವನು ಎಡಗೈ ಬೆರಳ ತುದಿಯಲ್ಲಿ ಸುಲಿಯುತ್ತಿದ್ದ ಜಡ್ಡುಗಟ್ಟಿದ ಚರ್ಮವನ್ನು ಉಜ್ಜುತ್ತಿದ್ದ. ದಪ್ಪ ತಂತಿಗಳನ್ನು ವಾರಗಟ್ಟಲೆ ಒತ್ತದೆ ಅಂಥ ಜಡ್ಡು ಬರುವುದಿಲ್ಲ, ಛಲವಿಲ್ಲವೆಂಬ ಮಾತನ್ನು ಇಲ್ಲಿಗೆ ಬಿಡು ಎಂದೆ.

ಒಂಟಿಯಾಗಿ ಸ್ಕೇಲು, ಅಂದರೆ ಸ್ವರಶ್ರೇಣಿ, ತಿದ್ದುವ ಆ ಒಂದು ಗಂಟೆಯನ್ನು ಸದ್ಯಕ್ಕೆ ಕೈಬಿಡಲು ಹೇಳಿದೆ. ನಿಧಾನಗತಿಯ ಒಂದೇ ಹಾಡನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡು, ಪ್ರತಿ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲಸ್ವರವನ್ನಷ್ಟೇ, ತಪ್ಪಿದರೂ ನಿಲ್ಲಿಸದೆ, ಕೊನೆಯವರೆಗೆ ನುಡಿಸಬೇಕು. ಹದಿನೈದು ನಿಮಿಷ ಸಾಕು. ವಾದ್ಯ ಚೀಲದಲ್ಲಿರದೆ ಕಣ್ಣಿಗೆ ಬೀಳುವಂತಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಊರಿನ ಆರ್ಕೆಸ್ಟ್ರಾದವರಲ್ಲಿ ಒಬ್ಬ ಕೀಬೋರ್ಡಿನವನನ್ನೋ ಡ್ರಮ್ಸಿನವನನ್ನೋ ಹುಡುಕಿ, ತಾನು ಸಿದ್ಧನಾಗುವ ಮೊದಲೇ, ಅವನ ಜೊತೆ ಕೂರಬೇಕು.

ಬುನಾದಿ ಗಟ್ಟಿಯಾಗದೆ ಇತರರೊಡನೆ ನುಡಿಸಿದರೆ ಅವಮಾನವಾದೀತು ಎಂದು ವೃತ್ತಿಬಾಂಧವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಬುನಾದಿ ಬೇಕು, ಆದರೆ ಅದನ್ನು ಹಾಕುವವನು ಅಲ್ಲಿಯವರೆಗೆ ಉಳಿದಿರಬೇಕಲ್ಲ. ತಂತಿ ಮೀಟುವ ಬಲಗೈಯ ಎರಡು ಬೆರಳು ಸಮವಾಗಿ ಓಡುತ್ತಿಲ್ಲವೆಂಬ ಕೊರಗೂ ಅವನಿಗಿತ್ತು. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ಸಂಗೀತ ಕಂಪನಿಯ ಧ್ವನಿಮುದ್ರಣಗಳಿಗೆ ನುಡಿಸಿದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಹುಮಟ್ಟಿಗೆ ತೋರುಬೆರಳೊಂದರಿಂದಲೇ ಮೀಟುತ್ತಿದ್ದರೆಂಬುದು ಗೊತ್ತಿದ್ದೂ ಕೊರಗುತ್ತಿದ್ದ. ಮನಸ್ಸಿದ್ದರೆ ಮಾರ್ಗ ಎಂದು ಇಂಥವರಿಗೆ ಬೋಧಿಸುವುದು ಅನ್ಯಾಯವೆಂದೇ ನನ್ನ ನಂಬಿಕೆ. ಇವನಿಗೆ ಮನಸ್ಸಿತ್ತು, ಜೊತೆಗೆ ನುಡಿಸುವವರಿರಲಿಲ್ಲ.

ಈಗ ರಜಾದಿನಗಳಲ್ಲಿ ಒಬ್ಬ ಕೀಬೋರ್ಡ್ ವಾದಕನೊಡನೆ ಕೂರುತ್ತಾನೆ. ಅಮ್ಮನನ್ನೂ ಕೇಳಲು ಕರೆದಿದ್ದನಂತೆ. ರಾತ್ರಿ ಪಾಳಿಯ ವಾರಗಳಲ್ಲಿ ವಾದ್ಯ ಮುಟ್ಟುವುದಿಲ್ಲ. ಅದನ್ನು ಸೋಲೆಂದು ಬರೆದಿಟ್ಟುಕೊಳ್ಳಬಾರದೆಂದೂ, ಪಾಳಿ ಬದಲಾದ ಮೊದಲ ದಿನ ಅದೇ ಹಳೆಯ ಹಾಡಿನಿಂದ ಮತ್ತೆ ಶುರುಮಾಡಬೇಕೆಂದೂ ಹೇಳಿದ್ದೇನೆ.